ಅಂಗೈಯಗಲ ಹಸಿರು

ಜನವರಿ 12

ಮೈದುನನಿಗೆ,

ಇಷ್ಟು ವರ್ಷದಲ್ಲಿ ನಾನು ನಿನಗೆ ಕಾಗದ ಬರೆದದ್ದಿಲ್ಲ. ಬರೆಯುವುದು ನಿಮ್ಮಣ್ಣನ ಕೆಲಸವಾಗಿತ್ತು. ಅವರು ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ "ನಾನೂ ಕೇಳ್ದೆ ಅಂತ ಬರೀರಿ" ಅನ್ನುವುದಷ್ಟೇ ನನ್ನದು. ನೀನು ಎರಡು ತಿಂಗಳಿಂದ ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಫೋನ್ ಸರಿಯಿಲ್ಲ. ಬೇರೆ ಏನೂ ಅಂದುಕೊಳ್ಳಬೇಡ.

ನಾನು ಚೆನ್ನಾಗಿದ್ದೇನೆ. ಹಾಗೆಂದರೆ ಯಾರೂ ನಂಬುತ್ತಿಲ್ಲ. ಹೋದ ವಾರದವರೆಗೆ ನನ್ನ ಅಕ್ಕ ಇಲ್ಲಿದ್ದಳು. ಒಲೆಯ ಮೇಲೆ ಹಾಲಿಟ್ಟು ಉಕ್ಕುತ್ತದೋ ಎಂದು ಕಾಯುವ ಹಾಗೆ ನನ್ನ ಮುಖ ನೋಡುತ್ತಾ ಕೂತಿರುತ್ತಿದ್ದಳು. ಒಂದು ಸಲ ಅತ್ತುಬಿಡು, ಎದೆ ಹಗುರವಾಗುತ್ತದೆ ಎಂದು ದಿನಕ್ಕೆ ನಾಲ್ಕು ಸಲ ಹೇಳುವಳು. ಬಂದರೆ ತಾನೆ ಅಳುವುದು? ನಿಮ್ಮಣ್ಣ ಲೇತ್ ಮುಂದೆಯೇ ಕುಸಿದರು ಎಂದು ವರ್ಕ್‌ಶಾಪಿನವರು ಅಂಗಡಿಗೆ ಬಂದು ಹೇಳಿದಾಗ ನನ್ನ ಕೈಯಲ್ಲಿ ಒಂದು ಕನ್ನಡಕ ಇತ್ತು. ಅದರ ಸ್ಕ್ರೂ ಬಿಗಿದು, ಒರೆಸಿ, ಗಿರಾಕಿಯ ಕಿವಿಗೆ ಸರಿಯಾಗಿ ಕೂರುತ್ತದೋ ನೋಡಿ, ಆಮೇಲೆ ಹೊರಟೆ. ಅವತ್ತಿನಿಂದ ಹಾಗೇ ಇದ್ದೇನೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗೆ.

ಬರೆದ ಕಾರಣ ಬೇರೆ. ಹಳೇ ಕಾರುಗಳ ಪ್ರದರ್ಶನ, ರ‍್ಯಾಲಿ ಇವನ್ನೆಲ್ಲ ನೋಡಲು ಹೋಗಬೇಕು ಎಂದುಕೊಂಡಿದ್ದೇನೆ. ಎಲ್ಲಿ, ಯಾವತ್ತು ಎಂದು ನಿಮ್ಮಣ್ಣನಿಗೆ ಹೇಗೋ ತಿಳಿಯುತ್ತಿತ್ತು. ಭಾನುವಾರ ಬೆಳಿಗ್ಗೆ "ಹೊರಡು" ಅನ್ನುವರು, ನಾನು ಹೊರಡುವೆ. ಹೇಗೆ ಗೊತ್ತಾಯಿತು ಎಂದು ಕೇಳಿದವಳೇ ಅಲ್ಲ. ಅವರ ಫೈಲು ತೆಗೆದರೆ ಅದರಲ್ಲಿ ಇರುವುದೆಲ್ಲ ಆಗಿಹೋದವು. ಮುಂದಿನದನ್ನು ಹುಡುಕುವುದು ಹೇಗೆ ಎಂದು ಬರೆ. ಯಾಕೆ ಅಂತ ಮಾತ್ರ ಕೇಳಬೇಡ.

ನಿನ್ನ ಅತ್ತಿಗೆ

ಜನವರಿ 19

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ನೀವು ನನ್ನ ಮೇಲೆ ಕೋಪ ಮಾಡಿಕೊಂಡು ಫೋನ್ ಎತ್ತುತ್ತಿಲ್ಲ ಎಂದುಕೊಂಡಿದ್ದೆ. ಅಣ್ಣ ಹೋದ ದಿನ ನಾನು ತಡವಾಗಿ ಬಂದೆ, ಮಾರನೆಯ ದಿನವೇ ಹೊರಟೆ. ನನ್ನ ಪೇಂಟಿಂಗ್ ಬೂತಿನಲ್ಲಿ ಒಂದು ಬಸ್ಸು ಅರ್ಧ ಬಣ್ಣ ಹಚ್ಚಿಕೊಂಡು ನಿಂತಿತ್ತು ಅನ್ನುವುದೆಲ್ಲ ನೆಪ ಎಂದು ನನಗೂ ಗೊತ್ತು. ಫೋನ್ ಬೇಗ ರಿಪೇರಿ ಮಾಡಿಸಿ.

ನೀವು ಹೊರಗೆ ಓಡಾಡಲು ಮನಸ್ಸು ಮಾಡಿದ್ದು ತುಂಬಾ ಒಳ್ಳೆಯದು. ಹುಡುಕುವುದು ಹೀಗೆ. ಪೇಪರನ್ನು ನಂಬಬೇಡಿ, ಅದರಲ್ಲಿ ಫೋಟೋ ಬರುವುದು ಎಲ್ಲ ಮುಗಿದ ಮೇಲೆ. ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಆದರೆ ಅರ್ಧ ಹೋದ ವರ್ಷದವು. ಹಳೇ ಕಾರಿಗೆ ಹೊಂದುವ ಟೈರು ಮಾರುವವನನ್ನು ಕೇಳಿ. ಪ್ರದರ್ಶನಕ್ಕೆ ಹದಿನೈದು ದಿನ ಇರುವಾಗ ಎಲ್ಲರೂ ಅವನ ಅಂಗಡಿಗೆ ಓಡುತ್ತಾರೆ. ರೇಡಿಯೇಟರ್ ರಿಪೇರಿಯವನಿಗೂ ಗೊತ್ತಿರುತ್ತದೆ. ಅವರ ಗೋಡೆಯಲ್ಲಿ ಚೀಟಿ ಅಂಟಿಸಿರುತ್ತಾರೆ. ಇನ್ನೊಂದು ವಿಷಯ. ರ‍್ಯಾಲಿಯಲ್ಲಿ ಕಾರು ಓಡುತ್ತದೆ, ನೀವು ನಿಂತಿರಬೇಕು. ಪ್ರದರ್ಶನದಲ್ಲಿ ಕಾರು ನಿಂತಿರುತ್ತದೆ, ನೀವು ಓಡಾಡಬೇಕು. ನಿಮ್ಮ ಮಂಡಿಗೆ ಯಾವುದು ಆಗುತ್ತದೋ ನೋಡಿಕೊಳ್ಳಿ. ನನಗೆ ತಿಳಿದ ಐದನ್ನು ಹಿಂಬದಿಯಲ್ಲಿ ಬರೆದಿದ್ದೇನೆ.

ನಮ್ಮ ಕಾರು ಹೇಗಿದೆ? ಅಣ್ಣ ಸಂಜೆ ಆರಕ್ಕೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದ, "ಇಂಜಿನ್‌ಗೆ ಮರೆವು ಬರಬಾರ್ದು ಕಣೋ" ಅನ್ನುತ್ತಿದ್ದ. ಯಾರಿಗಾದರೂ ಹೇಳಿ ವಾರಕ್ಕೊಮ್ಮೆಯಾದರೂ ಮಾಡಿಸಿ. ಅದರ ಹಸಿರು ಬಣ್ಣ ನೆನೆದರೆ ಈಗಲೂ ನಗು ಬರುತ್ತದೆ. ಅಜ್ಜಿಯ ತಗಡಿನ ಡಬ್ಬಿ ತಂದು ಮುಂದಿಟ್ಟು ಇದೇ ಬಣ್ಣ ಬೇಕು ಎಂದು ಕೂತಿದ್ದ. ಹದಿಮೂರು ಸಲ ಕಲಸಿದೆ. ಕೊನೆಗೆ ಒಪ್ಪಿದವನು, ಒಣಗಿದೆಯೋ ಇಲ್ಲವೋ ಎಂದು ಪಕ್ಕದ ಸೀಟಿನ ಮುಂದಿನ ಗೂಡಿನ ಮುಚ್ಚಳಕ್ಕೆ ಒಳಗಡೆಯಿಂದ ಹೆಬ್ಬೆಟ್ಟು ಒತ್ತಿಬಿಟ್ಟ. ಎರಡು ದಿನ ಮಾತು ಬಿಟ್ಟಿದ್ದೆ. ಆ ಗುರುತು ಅಲ್ಲೇ ಉಳಿಯಿತು.

ನಿಮ್ಮ ಮೈದುನ

ಜನವರಿ 28

ಮೈದುನನಿಗೆ,

ಟೈರಿನವನನ್ನು ಕೇಳಿದೆ. ಯಾವ ಕಾರು ಎಂದ. ಟೈರು ಬೇಡ, ಪ್ರದರ್ಶನ ಎಲ್ಲಿ ಎಂದೆ. ಟೈರು ಬೇಡದ ಹೆಂಗಸು ಟೈರಂಗಡಿಗೆ ಯಾಕೆ ಬಂದಳು ಎಂದು ಅವನಿಗೆ ಅರ್ಥವಾಗಲಿಲ್ಲ, ಆದರೆ ಚೀಟಿ ತೋರಿಸಿದ.

ಭಾನುವಾರ ನಿನ್ನ ಪಟ್ಟಿಯ ಮೊದಲನೆಯದಕ್ಕೆ ಹೋಗಿಬಂದೆ. ಕಾಲೇಜಿನ ಆಟದ ಮೈದಾನ, ನಲವತ್ತೊಂದು ಕಾರು. ಎಲ್ಲದರ ಮುಂದೆಯೂ ಒಬ್ಬೊಬ್ಬ ಗಂಡಸು ಮೆತ್ತನೆ ಬಟ್ಟೆ ಹಿಡಿದು ಒರೆಸಿದ್ದನ್ನೇ ಒರೆಸುತ್ತಿದ್ದ. ನಿಮ್ಮಣ್ಣನ ಗುರುತಿದ್ದವರು ಇಬ್ಬರು ನನ್ನ ಹತ್ತಿರ ಬಂದು ವಿಷಾದ ಹೇಳಿದರು. ನಾನು ಥ್ಯಾಂಕ್ಸ್ ಹೇಳಿದೆ. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದೆ ಅನ್ನಿಸುತ್ತದೆ. ಸುತ್ತು ಹಾಕಿ, ಮನೆಗೆ ಬಂದು, ಬಟ್ಟೆ ಒಗೆದೆ.

ಕಾರು ಹೊದಿಕೆಯ ಕೆಳಗಿದೆ. ಪಕ್ಕದ ಮನೆಯವರು ಆಗಾಗ ಸ್ಟಾರ್ಟ್ ಮಾಡುತ್ತಾರೆ. ಅದರ ಯೋಚನೆ ಬಿಡು.

ಒಂದು ಕೇಳಬೇಕಿತ್ತು. ಹಸಿರು ಕಾರುಗಳು ಹೆಚ್ಚಾಗಿ ಎಲ್ಲಿ ಬರುತ್ತವೆ? ಮೊದಲ ಪ್ರದರ್ಶನದಲ್ಲಿ ಮೂರೇ ಇದ್ದವು. ಒಂದು ಪಾಚಿ, ಒಂದು ಗಿಣಿ, ಒಂದು ಏನೆಂದು ಹೇಳಲಾಗದ್ದು.

ಅತ್ತಿಗೆ

ಫೆಬ್ರವರಿ 4

ಅತ್ತಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಇವತ್ತು ಕೈಯಲ್ಲಿ ಸ್ಪ್ರೇ ಗನ್ ಹಿಡಿಯಲು ಆಗುವುದಿಲ್ಲ.

ಮೊನ್ನೆ ಶುಕ್ರವಾರ ಗೇಟಿನಲ್ಲಿ ಹಸಿರು ಕಾಣಿಸಿತು. ಒಂದು ಕ್ಷಣ, ಅಣ್ಣ ಬಂದ ಎಂದುಕೊಂಡೆ. ಎದ್ದು ನಿಂತೂಬಿಟ್ಟೆ. ಟೋಯಿಂಗ್ ಗಾಡಿಯ ಮೇಲೆ ನಮ್ಮ ಕಾರು. ಹಿಂದೆ ಬಂದ ಕಾರಿನಿಂದ ಇಳಿದವರು ಒಬ್ಬ ಹಲ್ಲಿನ ಡಾಕ್ಟರು. ಡಿಸೆಂಬರಿನಲ್ಲಿ ಬ್ರೋಕರಿಂದ ತೆಗೆದುಕೊಂಡರಂತೆ. ಒಳ್ಳೆಯ ಮನುಷ್ಯ, ಮೆಲುದನಿ. "ಹಸಿರು ಯಾಕೋ ನಮ್ಮನೆಯವ್ರಿಗೆ ಹಿಡಿಸ್ಲಿಲ್ಲ, ಕೆನೆ ಬಣ್ಣ ಮಾಡಿಕೊಡಿ" ಎಂದರು. ಬಂಪರು, ಚಕ್ರದ ಮುಚ್ಚಳ ಎಲ್ಲ ಹೊಸತು ತಂದಿದ್ದರು. ನಾನು ಆಗಲಿ ಸಾರ್ ಎಂದೆ. ಅಷ್ಟೇ ಅಂದದ್ದು.

ಅದಾದ ಮೂರು ದಿನಕ್ಕೆ ನಿಮ್ಮ ಕಾಗದ. ಕಾರು ಹೊದಿಕೆಯ ಕೆಳಗಿದೆ. ಅತ್ತಿಗೆ, ನಾನು ಆ ಸಾಲನ್ನು ಓದುವಾಗ ನನ್ನ ಮುಂದೆಯೇ ಇತ್ತು ಅದು, ಬಾಗಿಲುಗಳನ್ನು ಬಿಚ್ಚಿಟ್ಟುಕೊಂಡು.

ಅಣ್ಣನೂ ನಾನೂ ಹನ್ನೊಂದು ವರ್ಷ ರಜೆಯೆಲ್ಲ ಆ ಕಾರಿಗೇ ಹಾಕಿದೆವು. ಮಾರುವ ಮುಂಚೆ ಒಂದು ಮಾತು ಬೇಡವೇ? ಕೊಡಬೇಡಿ ಎನ್ನುತ್ತಿದ್ದೆನೋ ಏನೋ, ಕೇಳಬಹುದಿತ್ತು. ಹಣ್ಣು ತಿಂದವರು ನೀವು, ಸಿಪ್ಪೆ ಎತ್ತಲು ನಾನು. ಸಿಟ್ಟಿನಲ್ಲಿ ಆರು ದಿನದ ಕೆಲಸವನ್ನು ಮೂರು ದಿನದಲ್ಲಿ ಮಾಡುತ್ತಿದ್ದೇನೆ. ನಾನೇ ಹಚ್ಚಿದ್ದನ್ನು ನಾನೇ ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದೇನೆ. ಹಸಿರು ನೀರು ಕಾಲಿನ ಮೇಲೆ ಹರಿಯುತ್ತದೆ, ಏನೂ ಅನ್ನಿಸುವುದಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಮಾತು ಹೇಳುತ್ತಿದ್ದರು. ಹಳೇ ಬಣ್ಣವನ್ನು ಪೂರ್ತಿ ಅಳಿಸಬಾರದು, ಯಾರಿಗೂ ಕಾಣದ ಕಡೆ ಅಂಗೈಯಗಲ ಬಿಡಬೇಕು. ಮುಂದೆ ಕೆಲಸಕ್ಕೆ ಕೂರುವವನಿಗೆ ಇದಕ್ಕೆ ಮೊದಲೊಂದು ಬಣ್ಣ ಇತ್ತು ಎಂದು ತಿಳಿಯಬೇಕಂತೆ. ಸೀಟಿನ ಕೆಳಗೋ, ಡಿಕ್ಕಿಯ ಒಳಗೋ ಬಿಡುವುದು ವಾಡಿಕೆ. ನಾನು ಇವತ್ತು ಅಣ್ಣ ಹೆಬ್ಬೆಟ್ಟು ಒತ್ತಿದ ಆ ಮುಚ್ಚಳದ ಒಳಗಡೆ ಬಿಟ್ಟೆ. ಅಲ್ಲಿ ಉಜ್ಜಲು ಕೈ ಬರಲಿಲ್ಲ.

ಫೆಬ್ರವರಿ 6

ಅತ್ತಿಗೆಗೆ ನಮಸ್ಕಾರ.

ಕಾಗದ ತಲುಪಿತು. ಕಾರು ಕ್ಷೇಮ ಎಂದು ತಿಳಿದು ಸಂತೋಷ. ಹೊದಿಕೆಯನ್ನು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಾಕಿ, ಇಲ್ಲದಿದ್ದರೆ ಕೆಳಗಿರುವುದು ಕೆಡುತ್ತದೆ.

ಹಸಿರು ಕಾರು ಎಲ್ಲಿ ಬರುತ್ತದೆ ಎಂದು ಹೇಳಲು ಆಗುವುದಿಲ್ಲ. ಫೆಬ್ರವರಿ, ಮಾರ್ಚಿನ ಪಟ್ಟಿ ಹಿಂಬದಿಯಲ್ಲಿದೆ. ಇವಿಷ್ಟೇ. ಬೇರೆ ಕಡೆ ನಡೆದರೂ ನಿಮಗೆ ದೂರ, ಹೋಗುವುದು ಬೇಡ. ಕೆಲಸ ಜಾಸ್ತಿ ಇದೆ, ಉತ್ತರ ತಡವಾದರೆ ಕಾಯಬೇಡಿ.

ಮೈದುನ

ಮಾರ್ಚ್ 15

ಮೈದುನನಿಗೆ,

ನಿನ್ನ ಪಟ್ಟಿಯ ಎಲ್ಲ ಕಡೆಗೂ ಹೋಗಿ ಮುಗಿಸಿದೆ. ರೈಲ್ವೆ ಮ್ಯೂಸಿಯಂ ಅಂಗಳ, ಕುದುರೆ ರೇಸಿನ ಮೈದಾನ, ಒಂದು ಹೋಟೆಲಿನ ಪಾರ್ಕಿಂಗು. ರ‍್ಯಾಲಿ ಒಂದಕ್ಕೆ ಮೇಲ್ಸೇತುವೆಯ ಕೆಳಗೆ ಮೂರು ಗಂಟೆ ನಿಂತೆ. ಎಪ್ಪತ್ತು ಕಾರು ದಾಟಿದವು. ಪಕ್ಕದಲ್ಲಿ ನಿಂತವರು ಕೈ ಬೀಸಿದರು, ನಾನೂ ಬೀಸಿದೆ. ಬೀಸುತ್ತಿರುವುದು ಯಾರ ಕೈಯೋ ಅನ್ನಿಸುತ್ತಿತ್ತು.

ನಿನ್ನ ಹೋದ ಕಾಗದ ಮೋಟಾಗಿತ್ತು. ಹೊದಿಕೆಯ ವಿಷಯ ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಸುಳ್ಳು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಹೇಳಿಬಿಡುತ್ತೇನೆ. ಕಾರು ಇಲ್ಲ. ಡಿಸೆಂಬರಿನಲ್ಲೇ ಕೊಟ್ಟುಬಿಟ್ಟೆ.

ನಿಮ್ಮಣ್ಣ ಹೋಗಿ ಹದಿನೆಂಟು ದಿನವಾಗಿತ್ತು. ಬ್ರೋಕರ್ ಬಾಗಿಲು ತಟ್ಟಿದ. ಕೊಡ್ತೀರಾ ಎಂದ, ಕೊಡುತ್ತೇನೆ ಎಂದೆ. ಪಕ್ಕದ ಮನೆಯವರು ಸಕ್ಕರೆ ಕೇಳಿದರೆ ಕೊಡುವ ಹಾಗೆ ಕೀಲಿಕೈ ಕೊಟ್ಟೆ. ಆ ಹೊತ್ತಿಗೆ ಮನೆಯ ಬಾಗಿಲನ್ನೇ ಕೇಳಿದ್ದರೂ ಬಿಚ್ಚಿಕೊಟ್ಟಿರುತ್ತಿದ್ದೆ. ದಿನಾ ಸಂಜೆ ಆರಾಗುತ್ತಿತ್ತು, ಶೆಡ್ಡು ಸದ್ದಿಲ್ಲದೆ ಇರುತ್ತಿತ್ತು. ಕಾರು ಹೋದರೆ ಆರು ಗಂಟೆಯೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಈಗ ಆರಕ್ಕೆ ಖಾಲಿ ಶೆಡ್ಡು, ಸದ್ದಿಲ್ಲದೆ. ಬ್ರೋಕರನನ್ನು ಹುಡುಕಿದೆ, ಅವನು ಅಂಗಡಿ ಎತ್ತಿಕೊಂಡು ಎಲ್ಲೋ ಹೋಗಿದ್ದಾನೆ.

ಅದನ್ನೇ ಹುಡುಕುತ್ತಿದ್ದೇನೆ ಕಣೋ. ವಾಪಸ್ ಬೇಕು ಅಂತಲ್ಲ. ಅದರಲ್ಲಿ ಒಂದು ಸಲ ಕೂತರೆ ನನಗೆ ಅಳು ಬರಬಹುದು ಎಂದು. ನಾಲ್ಕು ತಿಂಗಳಾಯಿತು. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯ ಹೋದರೆ ಕಲ್ಲಿನ ಹಾಗಿದ್ದಾಳೆ ಎಂದು ಬೇರೆಯವರು ಅಂದರೆ ಅನ್ನಲಿ. ನನಗೇ ನನ್ನ ಮೇಲೆ ಅನುಮಾನ ಬಂದಿದೆ. ನನಗೆ ಅವರ ಮೇಲೆ ಪ್ರೀತಿ ಇತ್ತೋ, ಬರೀ ಅಭ್ಯಾಸವೋ? ಇದನ್ನು ಯಾರ ಹತ್ತಿರ ಕೇಳಲಿ?

ಹನ್ನೊಂದು ವರ್ಷ ನಿನ್ನದೂ ಹೌದು, ಗೊತ್ತು. ಬೈಯುವುದಾದರೆ ಪೂರ್ತಿ ಬೈದು ಬರೆ. ಆಮೇಲೆ ಏಪ್ರಿಲ್ ಪಟ್ಟಿ ಕಳಿಸು.

ಅತ್ತಿಗೆ

ಏಪ್ರಿಲ್ 13

ಮೈದುನನಿಗೆ,

ತಿಂಗಳಾಯಿತು. ನಿನ್ನಿಂದ ಬೈಗುಳವೂ ಇಲ್ಲ, ಪಟ್ಟಿಯೂ ಇಲ್ಲ. ಮಾತು ಬಿಡುವುದು ನಿಮ್ಮ ಮನೆತನದ ರೋಗ. ನಿಮ್ಮಣ್ಣನೂ ಸಿಟ್ಟು ಬಂದರೆ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಹೋಗಿ ಮಲಗುತ್ತಿದ್ದರು, ಊಟಕ್ಕೆ ಕಾಲು ಹಿಡಿದು ಎಳೆಯಬೇಕಿತ್ತು.

ಪಟ್ಟಿಗೆ ಕಾಯದೆ ಟೈರಿನವನ ಹತ್ತಿರವೇ ಹೋದೆ. ಈಗ ಅವನಿಗೆ ನನ್ನ ಗುರುತಿದೆ, ಸ್ಟೂಲು ಕೊಡುತ್ತಾನೆ. ಬಂದರಿನ ಹಳೇ ಗೋದಾಮಿನ ಅಂಗಳದಲ್ಲಿ ದೊಡ್ಡ ಪ್ರದರ್ಶನ ಎಂದ. ಬಸ್ಸಿನಲ್ಲಿ ಐದು ಗಂಟೆ. ಇಷ್ಟು ದೊಡ್ಡದು ನಿನಗೆ ಹೇಗೆ ತಿಳಿಯಲಿಲ್ಲವೋ.

ನೂರಿಪ್ಪತ್ತು ಕಾರು. ಸುತ್ತಿ ಸುತ್ತಿ ಮಂಡಿ ಹಿಡಿದುಕೊಂಡಿತು. ನಮ್ಮದೇ ಆಕಾರದವು ಆರೋ ಏಳೋ ಇದ್ದವು, ಹಸಿರು ಒಂದೂ ಇಲ್ಲ. ಬಿಸಿಲಿಗೆ ತಲೆ ಸುತ್ತಿದ ಹಾಗಾಗಿ ಒಂದು ಕೆನೆ ಬಣ್ಣದ ಕಾರಿನ ಪಕ್ಕ ನಿಂತೆ. ಅದರ ಯಜಮಾನರು ಮಡಚುವ ಕುರ್ಚಿ ಬಿಚ್ಚಿ, ಬಾಗಿಲಿಗೆ ಒರಗಿಸಿ, ಕೂರಿ ಎಂದರು. ಹಲ್ಲಿನ ಡಾಕ್ಟರಂತೆ. ಎರಡು ಗಂಟೆ ಆ ಕಾರಿಗೆ ಬೆನ್ನು ಕೊಟ್ಟು ಅದರ ನೆರಳಲ್ಲಿ ಕೂತು, ತಡವಾಗಿ ಬರುವ ಕಾರುಗಳಿಗಾಗಿ ಗೇಟನ್ನೇ ನೋಡುತ್ತಿದ್ದೆ. ಅವರು ನೀರು ಕೊಟ್ಟರು, ಬಿಸ್ಕತ್ತು ಕೊಟ್ಟರು. "ಹೊಸ ಬಣ್ಣ, ಮುಟ್ಟಿ ನೋಡಿ" ಎಂದರು. ಮುಟ್ಟಿದೆ. ಕೈ ಜಾರುವಷ್ಟು ನುಣುಪು. ಹಚ್ಚಿದವನಿಗೆ ಕೆಲಸ ಗೊತ್ತು ಎಂದೆ. ನಿನ್ನ ನೆನಪಾಯಿತು. ನೀನು ನೋಡಬೇಕಿತ್ತು.

ಕಾರುಗಳು ಹೊರಡುವ ಮೊದಲೇ ಬಸ್ಸಿಗೆ ಎದ್ದು ಬಂದೆ. ಈ ಸಲವೂ ಏನೂ ಆಗಲಿಲ್ಲ. ಬೆನ್ನು ಮಾತ್ರ ಸ್ವಲ್ಪ ಬೆಚ್ಚಗಾಗಿತ್ತು, ಬಿಸಿಲಿಗೆ ಕಾದ ಕಾರು ನೋಡು. ಸುಸ್ತಾಗಿದೆ. ಇನ್ನು ಹುಡುಕುವುದನ್ನು ನಿಲ್ಲಿಸೋಣ ಎಂದುಕೊಂಡಿದ್ದೇನೆ.

ಅತ್ತಿಗೆ

ಏಪ್ರಿಲ್ 20

ಅತ್ತಿಗೆ,

ನಿಲ್ಲಿಸಬೇಡಿ.

ಈ ಕಾಗದದ ಜೊತೆ ಇನ್ನೊಂದನ್ನು ಇಟ್ಟಿದ್ದೇನೆ. ಫೆಬ್ರವರಿ 4ರದ್ದು. ಮೊದಲು ಅದನ್ನು ಓದಿ, ಆಮೇಲೆ ಇದನ್ನು.

ಓದಿದಿರಾ? ನೀವು ಬೆನ್ನು ಕೊಟ್ಟು ಕೂತಿದ್ದು ನಮ್ಮ ಕಾರಿಗೆ. ನುಣುಪಾಗಿದೆ ಎಂದು ಮೆಚ್ಚಿದ್ದು ನನ್ನ ಕೆಲಸವನ್ನು. ನಿಮ್ಮ ಕಾಗದದಲ್ಲಿ ಆ ಸಾಲು ಬಂದಾಗ ಯಾರೋ ಕಪಾಳಕ್ಕೆ ಕೊಟ್ಟ ಹಾಗಾಯಿತು. ಅದಕ್ಕಿಂತ ಹೆಚ್ಚಿನ ಬೈಗುಳ ನೀವು ಬರೆಯಲು ಸಾಧ್ಯವಿಲ್ಲ.

ಬಂದರಿನ ಪ್ರದರ್ಶನ ನನಗೆ ಗೊತ್ತಿತ್ತು. ಈ ವರ್ಷ ಎಲ್ಲೆಲ್ಲಿಗೆ ಹೋಗುತ್ತೇನೆ ಎಂದು ಡಾಕ್ಟರೇ ಹೇಳಿದ್ದರು. ಬೇಕೆಂದೇ ಅವನ್ನೆಲ್ಲ ಪಟ್ಟಿಯಿಂದ ಬಿಟ್ಟೆ. ಮೊದಲು ಸಿಟ್ಟಿನಿಂದ. ಸುಳ್ಳು ಹೇಳಿದ್ದಾರೆ, ಹುಡುಕಲಿ ಎಂದು. ಹೊದಿಕೆಯ ಕುಟುಕು ಮಾತೂ ಅದಕ್ಕೇ ಬರೆದದ್ದು. ಮಾರ್ಚಿನ ಕಾಗದ ಬಂದ ಮೇಲೆ ನಾಚಿಕೆಯಿಂದ. ನೀವು ಆ ಹಸಿರನ್ನು ನೋಡಿದರೆ ಅಳು ಬರಬಹುದು ಎಂದು ಮೈದಾನ ಮೈದಾನ ಅಲೆಯುತ್ತಿದ್ದೀರಿ, ನಾನು ಅದನ್ನು ಉಜ್ಜಿ ಚರಂಡಿಗೆ ಹರಿಸಿ ಕೂತಿದ್ದೆ. ಏನೆಂದು ಬರೆಯಲಿ? ಕಾಗದವನ್ನು ಥಿನ್ನರ್ ಡಬ್ಬಿಯ ಕೆಳಗಿಟ್ಟೆ. ದಿನಾ ಡಬ್ಬಿ ಎತ್ತುವಾಗ ಕಾಣುತ್ತಿತ್ತು.

ನಿಮಗೆ ಅಣ್ಣನ ಮೇಲೆ ಇದ್ದದ್ದು ಪ್ರೀತಿಯೋ ಅಭ್ಯಾಸವೋ ಎಂದು ಕೇಳಿದ್ದಿರಿ. ನನ್ನನ್ನು ಕೇಳಿ ಪ್ರಯೋಜನವಿಲ್ಲ. ಅವನನ್ನು ಕಳಿಸಿಕೊಟ್ಟ ಮಾರನೆಯ ದಿನ ನಾನು ಬಸ್ಸಿಗೆ ಬಣ್ಣ ಹೊಡೆಯುತ್ತಿದ್ದೆ.

ಮೇ 24ರಂದು ಹಳೇ ನೂಲಿನ ಗಿರಣಿಯ ಆವರಣದಲ್ಲಿ ಪ್ರದರ್ಶನ. ಡಾಕ್ಟರು ಬರುತ್ತಾರೆ. ನಿಮ್ಮ ಊರಿಂದ ಬೆಳಗಿನ ಬಸ್ಸಿದೆ. ಮೇಲೆಲ್ಲ ಕೆನೆ ಬಣ್ಣ, ಅದನ್ನು ನೋಡಬೇಡಿ. ಪಕ್ಕದ ಸೀಟಿನಲ್ಲಿ ಕೂತು ಮುಂದಿನ ಗೂಡಿನ ಮುಚ್ಚಳ ತೆಗೆಯಿರಿ. ಉಳಿಸಲು ಆದದ್ದು ಅಷ್ಟೇ.

ನಿಮ್ಮ ಮೈದುನ

ಮೇ 31

ಮೈದುನನಿಗೆ,

ನಿನ್ನ ಎರಡು ಕಾಗದ ಓದಿದ ಮೇಲೆ ಒಂದು ತಿಂಗಳು ನಿನ್ನ ಹೆಸರೆತ್ತಲೂ ಇಷ್ಟವಿರಲಿಲ್ಲ. ಅಕ್ಕ ಫೋನ್ ಮಾಡಿ ಮೈದುನ ಹೇಗಿದ್ದಾನೆ ಎಂದರೆ ಇದ್ದಾನೆ ಎಂದೆ. ಆಮೇಲೆ ಒಂದು ದಿನ ಲೆನ್ಸ್ ತೊಳೆಯುತ್ತಾ ಯೋಚಿಸಿದೆ. ಮಾರಿದವಳು ನಾನು, ಬಳಿದವನು ನೀನು. ಸುಳ್ಳು ಮೊದಲು ಹೇಳಿದವಳು ನಾನು. ಯಾರು ಯಾರನ್ನು ಬೈಯುವುದು? ಇಪ್ಪತ್ತೆರಡು ವರ್ಷದಿಂದ ಜನರ ಕಣ್ಣಿಗೆ ಗಾಜು ಕೂರಿಸುತ್ತಿರುವವಳು, ಹನ್ನೊಂದು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದ ಕಾರನ್ನು ಬಣ್ಣ ಬದಲಾದ ಮಾತ್ರಕ್ಕೆ ಗುರುತು ಹಿಡಿಯಲಿಲ್ಲ. ಅದರ ನಂಬರಂತೂ ನನಗೆ ಯಾವತ್ತೂ ನೆನಪಿದ್ದದ್ದಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಗಿರಣಿಗೆ ಹೋದೆ. ಡಾಕ್ಟರಿಗೆ ನನ್ನ ನೆನಪಿತ್ತು, ಕೇಳದೆಯೇ ಕುರ್ಚಿ ಬಿಚ್ಚಿದರು. ಕುರ್ಚಿ ಬೇಡ, ಒಳಗೆ ಒಂದು ಗಳಿಗೆ ಕೂರಲೇ ಎಂದೆ. ಧಾರಾಳವಾಗಿ ಎಂದು ಬಾಗಿಲು ತೆಗೆದರು. ನಾನು ಯಾರು ಎಂದು ಹೇಳಲಿಲ್ಲ. ಹೇಳಿದ್ದರೆ ಪಾಪ, ಅವರು ಸಂಕೋಚಪಟ್ಟುಕೊಳ್ಳುತ್ತಿದ್ದರು.

ಕೂತೆ. ಏನೂ ಆಗಲಿಲ್ಲ ಎಂದರೆ ನಂಬು. ಸೀಟಿಗೆ ಹೊಸ ಬಟ್ಟೆ, ಹೊಸ ವಾಸನೆ. ಇದೂ ಅಷ್ಟೇ, ಇನ್ನು ಮನೆಗೆ ಹೋಗಿ ಬಟ್ಟೆ ಒಗೆಯುವುದು ಎಂದುಕೊಂಡೆ. ಡಾಕ್ಟರು ಕಿಟಕಿಯ ಹೊರಗೆ ನಿಂತು ಟೈರು ಎಲ್ಲಿಂದ ತರಿಸಿದೆ ಎಂದು ಹೇಳುತ್ತಲೇ ಇದ್ದರು. ನಾನು ಹೂಂಗುಟ್ಟುತ್ತಾ ಮುಚ್ಚಳ ತೆಗೆದೆ.

ಅಂಗೈಯಗಲ ಹಸಿರು. ಸುತ್ತ ನೀನು ನೇರವಾಗಿ ಗೆರೆ ಹಿಡಿದು ನಿಲ್ಲಿಸಿದ ಕೆನೆ ಬಣ್ಣ. ನಡುವೆ ಅವರ ಹೆಬ್ಬೆಟ್ಟು. ಅದರೊಳಗೇ ಲೇತ್‌ನಲ್ಲಿ ಕೊಯ್ದುಕೊಂಡ ಗಾಯದ ಅಡ್ಡಗೀರು ಸಹ ಇತ್ತು. ಆ ಗಾಯಕ್ಕೆ ಬಟ್ಟೆ ಕಟ್ಟಿದ್ದವಳು ನಾನು. ಅದರ ಮೇಲೆ ನನ್ನ ಹೆಬ್ಬೆಟ್ಟು ಇಟ್ಟೆ. ನನ್ನದು ಚಿಕ್ಕದು, ಸುತ್ತಲೂ ಜಾಗ ಉಳಿಯಿತು.

ಆಗ ಬಂತು. ಮೆಲ್ಲಗೆ ಬರುತ್ತದೆ ಎಂದುಕೊಂಡಿದ್ದೆ, ಹಾಗೆ ಬರಲಿಲ್ಲ. ಒಂದು ಸದ್ದು ಬಂತು, ಅದು ನನ್ನದೇ ಎಂದು ಆಮೇಲೆ ಗೊತ್ತಾಯಿತು. ಡಾಕ್ಟರು ಟೈರಿನ ಮಾತು ಅರ್ಧಕ್ಕೆ ಬಿಟ್ಟು ಗಾಬರಿಯಾಗಿ, "ಅಯ್ಯೋ, ಬೆರಳು ಸಿಕ್ಕಿಹಾಕ್ಕೊಂಡ್ತಾ ಅಮ್ಮ?" ಎಂದರು.

"ಹೂಂ" ಎಂದೆ.

ಓಡಿಹೋಗಿ ಡಿಕ್ಕಿಯಿಂದ ಔಷಧಿಯ ಡಬ್ಬಿ ತಂದರು. ಏನೂ ಆಗದ ಹೆಬ್ಬೆರಳಿಗೆ ಜೋಪಾನವಾಗಿ ಪಟ್ಟಿ ಸುತ್ತಿದರು. ನೋವು ಇದೆಯಾ ಎಂದು ಕೇಳಿದರು. ಇದೆ, ತುಂಬಾ ಇದೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆ ನೋಡು. ಆರು ತಿಂಗಳಿಂದ ಅಕ್ಕನಿಗೆ ಹೇಳಲು ಆಗದ್ದನ್ನು ಗುರುತಿಲ್ಲದ ಹಲ್ಲಿನ ಡಾಕ್ಟರಿಗೆ ಹೇಳಿ, ಸೆರಗು ಒದ್ದೆಯಾಗುವಷ್ಟು ಅತ್ತೆ. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು, ಹಲ್ಲು ಕೀಳಿಸಿಕೊಂಡವರ ಪಕ್ಕ ಕೂತು ಅಭ್ಯಾಸವಿರಬೇಕು.

ಹೊರಡುವ ಮುಂಚೆ, ದಿನಾ ಸ್ಟಾರ್ಟ್ ಮಾಡುತ್ತೀರಾ ಎಂದು ಕೇಳಿದೆ. ವಾರಕ್ಕೊಮ್ಮೆ ಎಂದರು. ದಿನಾ ಮಾಡಿ, ಸಂಜೆ ಆರಕ್ಕೆ, ಐದು ನಿಮಿಷ ಸಾಕು, ಇಂಜಿನ್ನಿಗೆ ಮರೆವು ಬರಬಾರದು ಎಂದೆ. ಗಂಭೀರವಾಗಿ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ನನಗಾಗಿ ಒಂದು ಸಲ ಸ್ಟಾರ್ಟ್ ಮಾಡಿದರು. ಮೊದಲು ಎರಡು ಕೆಮ್ಮು, ಆಮೇಲೆ ಗಂಟಲು ಸರಿಹೋಗುವುದು, ಎಲ್ಲ ಹಾಗೇ ಇದೆ. ಕಾರು ಅವರ ಹತ್ತಿರವೇ ಇರಲಿ. ವಾಪಸ್ ಕೇಳಿ ಮಾತಾಡಲು ಹೋಗಬೇಡ.

ಕೊನೆಯದಾಗಿ ಒಂದು ಸುಳ್ಳು ಉಳಿದಿದೆ. ಫೋನ್ ಕೆಟ್ಟಿರಲಿಲ್ಲ. ನಿನ್ನ ದನಿಯೂ ಅವರ ದನಿಯೂ ಒಂದೇ, ನಿನಗೆ ಗೊತ್ತಿಲ್ಲದಿರಬಹುದು. ನವೆಂಬರಿನಲ್ಲಿ ನೀನು ಮೊದಲ ಸಲ ಫೋನ್ ಮಾಡಿ ಹಲೋ ಎಂದಾಗ, "ಎಲ್ಲಿದ್ದೀರಿ, ಊಟಕ್ಕೆ ಬನ್ನಿ" ಎಂದುಬಿಡುವುದರಲ್ಲಿದ್ದೆ. ಆಮೇಲೆ ಎತ್ತಲಿಲ್ಲ. ನಿನ್ನ ಮೇಲಿನ ಕೋಪಕ್ಕಲ್ಲ.

ಪಟ್ಟಿ ಇನ್ನೂ ಬೆರಳಲ್ಲೇ ಇದೆ, ಅಂಚು ಕಪ್ಪಾಗಿದೆ. ಅಂಗಡಿಯಲ್ಲಿ ಎಲ್ಲರೂ ಏನಾಯಿತು ಎಂದು ಕೇಳುತ್ತಾರೆ.

ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡು. ಐದು ನಿಮಿಷ ಸಾಕು. ಏನಾದರೂ ಮಾತಾಡು, ಥಿನ್ನರ್ ವಿಷಯವಾದರೂ ಸರಿ. ನಾನು ಅಳಬಹುದು, ನೀನು ಗಾಬರಿಯಾಗಿ ಇಟ್ಟುಬಿಡಬೇಡ.

ಅತ್ತಿಗೆ